ದ್ವೀಪಯಾತ್ರೆಯ ಆಯವ್ಯಯ

‘ದ್ವೀಪ’ ಎಂಬ ಸಂಸ್ಕೃತ ಶಬ್ದವನ್ನು ಬಿಡಿಸಿ ನೋಡಿದರೆ ‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಎರಡು ಕಡೆಯೂ ನೀರುಳ್ಳದ್ದು ದ್ವೀಪ. ಕನ್ನಡದಲ್ಲಿ ಇದನ್ನು ನಡುಗಡ್ಡೆ ಎನ್ನುತ್ತೇವೆ. ತುಳುನಾಡಿನ ಹೊಳೆಗಳ ನಡುವೆ ಇರುವ ಚಿಕ್ಕ ನೆಲಗಳಿಗೆ ಕುದ್ರು ಎಂದು ಹೆಸರು. ಹೆಸರು ಯಾವುದಾದರೂ ಆಗಲಿ, ಆ ಹೆಸರಿನೊಳಗೇ ಒಂದು ಲೆಕ್ಕ ಅಡಗಿದೆ. ನೀರಿನ ನಡುವಿನ ನೆಲಕ್ಕೆ ಹೋಗಬೇಕಾದರೆ ಒಮ್ಮೆ ನೀರನ್ನು ದಾಟಬೇಕು; ಮನೆಗೆ ಮರಳಬೇಕಾದರೆ ಇನ್ನೊಮ್ಮೆ ದಾಟಬೇಕು. ನಾವು ಉಣ್ಣುವ ಅಕ್ಕಿ, ಕುಳಿತುಕೊಳ್ಳುವ ಕುರ್ಚಿ, ಓಡಾಡುವ ಮೋಟಾರಿಗೆ ಬೇಕಾದ ಎಣ್ಣೆ, ಇವೂ ನಮಗಿಂತ ಮೊದಲು ಅದೇ ನೀರನ್ನು ದಾಟಿ ಬಂದಿರಬೇಕು. ಈ ದಾಟುವಿಕೆಗೆಲ್ಲ ಬೆಲೆ ಕೊಡತಕ್ಕವರು ಕೊನೆಗೆ ಯಾತ್ರಿಕರೇ. ಇದನ್ನು ಮೊದಲೇ ತಿಳಿದು ಹಣ ಹೊಂದಿಸಿಕೊಂಡವನು ಸಮುದ್ರವನ್ನು ನೋಡಿ ಸಂತೋಷಪಡುತ್ತಾನೆ. ತಿಳಿಯದೆ ಹೋದವನು ಸಮುದ್ರದ ದಂಡೆಯಲ್ಲಿ ಕುಳಿತು ಜೇಬಿನ ನೋಟುಗಳನ್ನು ಎಣಿಸುತ್ತಾನೆ.

ಇದನ್ನು ಈಗ ಬರೆಯುವುದಕ್ಕೆ ಕಾರಣವುಂಟು. ರಜೆ ಬಂದರೆ ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿಬರುತ್ತಿದ್ದ ನಮ್ಮ ಸಂಸಾರಗಳು ಈಗ ಅಂಡಮಾನಿನ ಹೆಸರನ್ನು ಎತ್ತುತ್ತಿವೆ. ಮಕ್ಕಳು ಪಾಠದಲ್ಲಿ ಸೆಲ್ಯುಲರ್ ಸೆರೆಮನೆಯ ವಿಷಯವನ್ನು ಓದಿರುತ್ತಾರೆ. ದೊಡ್ಡವರು ನೀಲಿ ನೀರಿನ, ಬಿಳಿ ಮರಳಿನ ಚಿತ್ರಗಳನ್ನು ನೋಡಿರುತ್ತಾರೆ. ಬೆಂಗಳೂರಿನಿಂದ ನೇರವಾಗಿ ಹೋಗುವ ವಿಮಾನ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ಹೋಗಬೇಕೆಂಬ ಆಸೆ ತಪ್ಪಲ್ಲ. ಆದರೆ ತಿರುಪತಿಯ ಯಾತ್ರೆಗೆ ಹಾಕುವ ಲೆಕ್ಕವನ್ನೇ ಇದಕ್ಕೂ ಹಾಕಿದರೆ ಅದು ಸಾಲದು. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಬರುತ್ತದೆ. ಸಮುದ್ರ ಕೆರಳಿದರೆ ಮುಂದಿನ ದೋಣಿ ನಾಳೆಗೋ, ನಾಳಿದ್ದಿಗೋ, ಯಾರು ಹೇಳಬೇಕು?

ಈ ಲೇಖಕನು ಗಣಿತದ ಮೇಷ್ಟರಲ್ಲ, ಕನ್ನಡದ ಪಂಡಿತ. ಆದಕಾರಣ ಇಲ್ಲಿ ಕೂಡುವುದು ಕಳೆಯುವುದನ್ನು ಬಿಟ್ಟು ಹೆಚ್ಚಿನ ಗಣಿತವೇನೂ ಬರಲಾರದು. ಒಂದು ಹಾಳೆ, ಒಂದು ಪೆನ್ಸಿಲು ಇಟ್ಟುಕೊಂಡು ಓದಿದರೆ ಸಾಕು.

ಮೊದಲು ಹೆಸರುಗಳ ಗೊಂದಲವನ್ನು ನಿವಾರಿಸಿಕೊಳ್ಳೋಣ. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್ ನಗರಕ್ಕೆ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯ ಪುರಂ ಎಂದು ಹೆಸರಿಡಲಾಯಿತು. ಅದಕ್ಕೂ ಮುಂಚೆ, 2018ರ ಡಿಸೆಂಬರ್ 30ರಂದು, ಹ್ಯಾವ್‌ಲಾಕ್ ದ್ವೀಪವು ಸ್ವರಾಜ್ ದ್ವೀಪವೆಂದೂ, ನೀಲ್ ದ್ವೀಪವು ಶಹೀದ್ ದ್ವೀಪವೆಂದೂ, ರಾಸ್ ದ್ವೀಪವು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪವೆಂದೂ ಹೆಸರು ಪಡೆದವು. ನೇತಾಜಿಯವರು 1943ರ ಅದೇ ದಿನಾಂಕದಂದು ಅಲ್ಲಿ ಧ್ವಜವನ್ನು ಏರಿಸಿದ್ದರ ನೆನಪಿಗಾಗಿ ಆ ದಿನವನ್ನು ಆರಿಸಿಕೊಂಡರು. ಜಾಹೀರಾತಿನಲ್ಲಿ ಹಳೆಯ ಹೆಸರು, ಟಿಕೀಟಿನಲ್ಲಿ ಹೊಸ ಹೆಸರು ಇದ್ದರೆ ಎರಡು ಬೇರೆ ಊರುಗಳೆಂದು ಭಾವಿಸಿ ಎರಡು ಬಾರಿ ಲೆಕ್ಕ ಹಿಡಿಯಬಾರದು, ಎರಡೂ ಒಂದೇ.

ಈಗ ಜಾಹೀರಾತನ್ನು ಓದುವ ರೀತಿ. ‘ಅಂಡಮಾನ್ ಪ್ರವಾಸ, ತಲೆಗೆ 25,000 ರೂಪಾಯಿ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ವ್ಯಾಕರಣದಲ್ಲಿ ಅಧ್ಯಾಹಾರವೆಂಬ ಒಂದು ಮಾತುಂಟು: ವಾಕ್ಯದಲ್ಲಿ ಹೇಳದೆ ಬಿಟ್ಟದ್ದನ್ನು ಓದುವವನೇ ತುಂಬಿಕೊಳ್ಳುವುದು. ಜಾಹೀರಾತುಗಳು ಅಧ್ಯಾಹಾರದಲ್ಲಿಯೇ ಬದುಕುತ್ತವೆ. ಇದರಲ್ಲಿ ವಿಮಾನದ ಟಿಕೀಟು ಸೇರಿದೆಯೇ? ತೆರಿಗೆ ಸೇರಿದೆಯೇ? ಬೆಳಗಿನ ತಿಂಡಿ ಮಾತ್ರವೋ, ಎರಡು ಹೊತ್ತಿನ ಊಟವೂ ಉಂಟೋ? ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿ ಖಾಸಗಿಯದೋ, ಸರ್ಕಾರದ್ದೋ? ಸಮುದ್ರ ಕೆಟ್ಟು ದೋಣಿ ನಿಂತರೆ ಆ ದಿನದ ವಸತಿ ಯಾರ ಖರ್ಚು? ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಕೇಳಿ ಪಡೆಯತಕ್ಕದ್ದು. ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಹುತೇಕ ‘ತಮ್ಮದೇ’ ಎಂದಿರುತ್ತದೆ. ಅದು ಮೋಸವಲ್ಲ, ಆದರೆ ತಿಳಿದಿರಬೇಕಾದ ಸಂಗತಿ.

ಒಂದು ಸಂಸಾರವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಹಾಸನದಂಥ ಊರು, ಯಜಮಾನರು ಕಚೇರಿಯಲ್ಲಿ ಕೆಲಸ ಮಾಡತಕ್ಕವರು, ಗೃಹಿಣಿ, ಕಾಲೇಜಿಗೆ ಹೋಗುವ ಮಗಳು, ವಯಸ್ಸಾದ ತಾಯಿ, ಹೀಗೆ ನಾಲ್ವರು. ಚೀಟಿ ಕಟ್ಟಿ ಕೂಡಿಟ್ಟದ್ದು 1,50,000 ರೂಪಾಯಿ. ತಲೆಗೆ 25,000 ಎಂದರೆ ನಾಲ್ವರಿಗೆ ಒಂದು ಲಕ್ಷ. ಇನ್ನೂ ಐವತ್ತು ಸಾವಿರ ಉಳಿಯುತ್ತದೆ ಎಂದು ಅವರು ಹಿಗ್ಗುತ್ತಾರೆ. ಅದು ನಿಜವೇ ಎಂದು ನೋಡೋಣ. ಯಾತ್ರೆ ಏಳು ಹಗಲು, ಆರು ರಾತ್ರಿ. ಶ್ರೀ ವಿಜಯ ಪುರಂ, ಸ್ವರಾಜ್ ದ್ವೀಪ, ಶಹೀದ್ ದ್ವೀಪ, ಮತ್ತೆ ಶ್ರೀ ವಿಜಯ ಪುರಂ. ಕೆಳಗಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ದರಗಳು ವಾರದಿಂದ ವಾರಕ್ಕೆ ಬದಲಾಗುತ್ತವೆ. ತಾವು ವಿಚಾರಿಸಿ ತಿಳಿದ ದರವನ್ನು ಆಯಾ ಸಾಲಿನಲ್ಲಿ ಬರೆದುಕೊಳ್ಳಬೇಕು. ಸಾಲುಗಳನ್ನು ಮಾತ್ರ ಬಿಡಬಾರದು.

ಮನೆಯಿಂದ ಬೆಂಗಳೂರಿನ ವಿಮಾನನಿಲ್ದಾಣಕ್ಕೆ ಹೋಗಿ ಬರುವುದು: 8,000.
ವಿಮಾನ, ಹೋಗಿ ಬರಲು, ತಲೆಗೆ 16,000ದಂತೆ: 64,000.
ದ್ವೀಪಗಳ ನಡುವಿನ ದೋಣಿ, ಮೂರು ದಾಟು, ತಲೆಗೆ 1,500ರಂತೆ: 18,000.
ವಸತಿ, ಎರಡು ಕೋಣೆ, ಆರು ರಾತ್ರಿ, ಕೋಣೆಗೆ 2,500ರಂತೆ: 30,000.
ಊಟ ತಿಂಡಿ, ದಿನಕ್ಕೆ ತಲೆಗೆ 700ರಂತೆ: 19,600.
ಅಲ್ಲಲ್ಲಿನ ಟ್ಯಾಕ್ಸಿ, ಆಟೋ, ದಿನಕ್ಕೆ 2,000ದಂತೆ: 14,000.
ಪ್ರವೇಶದರ, ಚಿಕ್ಕ ದೋಣಿಗಳು, ಧ್ವನಿ ಬೆಳಕಿನ ಪ್ರದರ್ಶನ ಮುಂತಾದವು: 8,000.
ಸಮುದ್ರದೊಳಗೆ ಮುಳುಗಿ ನೋಡುವ ಸ್ಕೂಬಾ, ಇಬ್ಬರಿಗೆ: 8,000.
ಹೊರಡುವ ಮುನ್ನ ಕೊಳ್ಳುವ ಸಾಮಾನು, ಬಂದಮೇಲೆ ಹಂಚುವ ಕೊಡುಗೆ: 6,400.

ಕೂಡಿದರೆ 1,76,000 ರೂಪಾಯಿ. ಇದು ಎಲ್ಲವೂ ಸರಿಯಾಗಿ ನಡೆದಾಗಿನ ಖರ್ಚು.

ಇದರಲ್ಲಿ ಮೊದಲನೆಯ ಸಾಲನ್ನು ಬಹುಮಂದಿ ಬರೆಯುವುದೇ ಇಲ್ಲ. ಯಾತ್ರೆ ವಿಮಾನದ ಬಾಗಿಲಿನಿಂದ ಆರಂಭವಾಗುತ್ತದೆಂದು ಅವರ ಎಣಿಕೆ. ಆದರೆ ಯಾತ್ರೆ ನಮ್ಮ ಮನೆಯ ಹೊಸ್ತಿಲಿನಿಂದ ಆರಂಭ. ಬೆಳಗಿನ ಜಾವದ ವಿಮಾನಕ್ಕೆ ಹಾಸನದವರು ಹಿಂದಿನ ರಾತ್ರಿಯೇ ಬೆಂಗಳೂರಿಗೆ ಬಂದಿರಬೇಕು. ನೆಂಟರ ಮನೆ ಇದ್ದರೆ ಸರಿ. ಇಲ್ಲವಾದರೆ ಒಂದು ಕೋಣೆ. ರೈಲು ನಿಲ್ದಾಣಕ್ಕೂ ವಿಮಾನನಿಲ್ದಾಣಕ್ಕೂ ನಡುವೆ ಬಹಳ ದೂರ. ವಯಸ್ಸಾದವರನ್ನು ಕರೆದುಕೊಂಡು ಅಷ್ಟು ಹೊತ್ತಿನಲ್ಲಿ ಬಸ್ಸು ಕಾಯಲಾಗದೆ ಟ್ಯಾಕ್ಸಿ ಹಿಡಿಯುತ್ತೇವೆ. ಇವೆಲ್ಲ ಚಿಕ್ಕ ಚಿಕ್ಕ ಮೊತ್ತಗಳು. ಕೂಡಿದರೆ ದ್ವೀಪದಲ್ಲಿ ಒಂದು ಹಗಲು ರಾತ್ರಿಯ ವಸತಿಗೂ ಊಟಕ್ಕೂ ಆಗುವಷ್ಟು.

ಇನ್ನೊಂದು ಮಾತನ್ನು ಗಮನಿಸಿ. ಮೊದಲ ಎರಡು ಸಾಲುಗಳನ್ನು ಕೂಡಿದರೆ 72,000. ಅಲ್ಲಿ ಒಂದು ದಿನ ಇದ್ದರೂ ಹತ್ತು ದಿನ ಇದ್ದರೂ ಈ ಮೊತ್ತ ಕರಗದು. ಇದನ್ನು ದಾಟಿನ ಖರ್ಚು ಎಂದು ಕರೆಯೋಣ. ವಸತಿ, ಊಟ, ವಾಹನ, ಇವು ದಿನದ ಖರ್ಚು. ಊರಿನ ಯಾತ್ರೆಗಳಲ್ಲಿ ದಾಟಿನ ಖರ್ಚು ಅಲ್ಪ, ದಿನದ ಖರ್ಚು ಅಧಿಕ. ಆದಕಾರಣ ಹಣ ಸಾಲದಿದ್ದರೆ ದಿನಗಳನ್ನು ಕಡಮೆ ಮಾಡುವುದು ನಮ್ಮ ರೂಢಿ. ದ್ವೀಪದಲ್ಲಿ ಈ ರೂಢಿ ಕೈಕೊಡುತ್ತದೆ. ಮೇಲಿನ ಸಂಸಾರ ಏಳು ದಿನಗಳ ಬದಲು ನಾಲ್ಕೇ ದಿನ ಹೋಗಿ, ಸ್ವರಾಜ್ ದ್ವೀಪವೊಂದನ್ನು ನೋಡಿ, ಸ್ಕೂಬಾವನ್ನು ಬಿಟ್ಟು ಬಂದರೂ ಅದೇ ದರಗಳಲ್ಲಿ ಖರ್ಚು ಸುಮಾರು 1,29,600 ಆಗುತ್ತದೆ. ದಿನಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು. ಖರ್ಚು ಇಳಿದದ್ದು ಕಾಲುಭಾಗ. ಏಳು ದಿನದ ಯಾತ್ರೆಯಲ್ಲಿ ದಿನಕ್ಕೆ 25,000ದಷ್ಟು ಬಿದ್ದರೆ, ನಾಲ್ಕು ದಿನದ ಯಾತ್ರೆಯಲ್ಲಿ ದಿನಕ್ಕೆ 32,400. ಅವಸರದ ಯಾತ್ರೆಯೇ ದುಬಾರಿ ಯಾತ್ರೆ.

ಹಾಗಾದರೆ ಹಡಗಿನಲ್ಲಿ ಹೋದರೆ ಹೇಗೆ ಎಂದು ಕೆಲವರು ಕೇಳಬಹುದು. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಪ್ರಯಾಣಿಕರ ಹಡಗುಗಳುಂಟು. ಚೆನ್ನೈಯಿಂದ ಸುಮಾರು 1,200 ಕಿಲೋಮೀಟರ್ ದೂರ; ಮೂರು ದಿನಗಳ ಪ್ರಯಾಣ. ಸಾಮಾನ್ಯ ದರ್ಜೆಯ ಟಿಕೀಟು ವಿಮಾನಕ್ಕಿಂತ ಬಹಳ ಅಗ್ಗ. ಆದರೆ ಹೋಗಲು ಮೂರು, ಬರಲು ಮೂರು, ಒಟ್ಟು ಆರು ದಿನ ನೀರಿನ ಮೇಲೆಯೇ ಕಳೆಯುತ್ತವೆ. ಹಡಗು ಹೊರಡುವ ದಿನಗಳೂ ನಮ್ಮ ರಜೆಯನ್ನು ನೋಡಿ ಗೊತ್ತಾಗುವುದಿಲ್ಲ. ಹಣದ ಬದಲು ದಿನಗಳನ್ನು ಕೊಡುವ ವ್ಯಾಪಾರ ಇದು. ಬೇಸಗೆಯ ದೀರ್ಘ ರಜೆ ಇರುವವರು, ದೇಹ ಗಟ್ಟಿ ಇರುವವರು ಇದನ್ನು ವಿಚಾರಿಸಬಹುದು. ಹತ್ತು ದಿನದ ರಜೆಗಾಗಿ ಅಧಿಕಾರಿಯ ಮುಂದೆ ನಿಲ್ಲಬೇಕಾದವರಿಗೆ ಇದು ತಕ್ಕದ್ದಲ್ಲ. ಕೇಂದ್ರಸರ್ಕಾರದ ನೌಕರರ ಮನೆಯವರು ರಜಾ ಪ್ರಯಾಣದ ರಿಯಾಯಿತಿ ಅಂಡಮಾನಿಗೆ ಅನ್ವಯಿಸುವ ಬಗೆಯನ್ನು ತಮ್ಮ ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ದಾಟಿನ ಖರ್ಚಿನ ಹೆಚ್ಚಿನ ಭಾಗ ಅದರಲ್ಲಿಯೇ ಇಳಿಯಬಹುದು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮೇಲಿನ ಪಟ್ಟಿಯಲ್ಲಿ ಒಂದು ಸಾಲು ಇನ್ನೂ ಬರೆದಿಲ್ಲ. ಅದನ್ನು ಸಮುದ್ರದ ಪಾಲು ಎಂದು ಕರೆಯೋಣ.

2016ರ ಡಿಸೆಂಬರಿನ ಮೊದಲ ವಾರದಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಮುಂದೆ ಅದೇ ವರ್ದಾ ಎಂಬ ಚಂಡಮಾರುತವಾಗಿ ಚೆನ್ನೈಯನ್ನು ಬಡಿಯಿತು. ಅದು ಅಂಡಮಾನಿನ ಬಳಿ ಇದ್ದಾಗ ಮಳೆಗಾಳಿಗಳಿಂದ ದೋಣಿಗಳೆಲ್ಲ ನಿಂತುಹೋದವು. ಆಗ ಹ್ಯಾವ್‌ಲಾಕ್, ನೀಲ್ ಎನ್ನುತ್ತಿದ್ದ ಆ ಎರಡು ದ್ವೀಪಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟ ಯಾತ್ರಿಕರು ಸಿಕ್ಕಿಬಿದ್ದರು. ನೌಕಾಪಡೆಯ ಹಡಗುಗಳೂ ಕರಾವಳಿ ರಕ್ಷಣಾ ದಳದವರೂ ಹೆಲಿಕಾಪ್ಟರುಗಳೂ ಹೋಗಿ ಅವರನ್ನು ಕರೆತರಬೇಕಾಯಿತು. ಡಿಸೆಂಬರ್ ಎಂದರೆ ಅಲ್ಲಿ ಯಾತ್ರಿಕರು ತುಂಬಿ ತುಳುಕುವ ಕಾಲ ಎಂಬುದನ್ನು ನೆನಪಿಡಬೇಕು. ಎಲ್ಲರೂ ಸುರಕ್ಷಿತವಾಗಿ ದಡ ಸೇರಿದರು. ಆದರೆ ಅಷ್ಟರಲ್ಲಿ ಅವರ ಮುಂದಿನ ವಿಮಾನಗಳು ಹೋಗಿಬಿಟ್ಟಿದ್ದರೆ ಹೊಸ ಟಿಕೀಟಿಗೆ ಹಣ? ತಂಗಿದ ಹೆಚ್ಚಿನ ದಿನಗಳಿಗೆ ಹಣ? ಸರ್ಕಾರ ಪ್ರಾಣವನ್ನು ಉಳಿಸುತ್ತದೆ. ಹೋಟೆಲಿನ ಬಿಲ್ಲನ್ನು ಕೊಡುವುದು ನಮ್ಮ ಕರ್ತವ್ಯವೇ.

ಇಷ್ಟು ದೊಡ್ಡ ಗಾಳಿಯೇ ಏಳಬೇಕೆಂದಿಲ್ಲ. ಅಲೆಗಳು ಎದ್ದ ಒಂದು ದಿನ ದೋಣಿ ಹೊರಡದೆ ನಿಂತರೂ ಮರುದಿನದ ಕಾರ್ಯಕ್ರಮವೆಲ್ಲ ಕದಲುತ್ತದೆ. ನಮ್ಮ ಮನೆಗಳಲ್ಲಿ ರೇಡಿಯೋ ಹಾಕಿದರೆ ಹವಾವರ್ತಮಾನದಲ್ಲಿ ‘ಮೀನುಗಾರರು ಸಮುದ್ರಕ್ಕೆ ಇಳಿಯಬಾರದು’ ಎಂಬ ಎಚ್ಚರಿಕೆ ಬರುತ್ತದಷ್ಟೆ. ಅದು ಬೆಸ್ತರಿಗೆ ಹೇಳಿದ ಮಾತೆಂದು ಕೇಳಿ ಸುಮ್ಮನಾಗುತ್ತೇವೆ. ದ್ವೀಪಕ್ಕೆ ಹೋದವನಿಗೆ ಆ ಎಚ್ಚರಿಕೆ ತನಗೂ ಸೇರಿದ್ದು. ಅಂಡಮಾನಿಗೆ ನೈಋತ್ಯ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ತಿಂಗಳಲ್ಲಿಯೇ ಬರುತ್ತದೆ. ಹಿಂಗಾರಿನ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿಯೂ ಮಳೆಯುಂಟು. ದಸರಾ ರಜೆಯಲ್ಲಿ ಅಗ್ಗದ ದರ ಕಂಡು ಹೊರಡುವವರು ಅಗ್ಗ ಏಕೆಂದು ಒಮ್ಮೆ ಆಲೋಚಿಸಬೇಕು. ಜನವರಿಯಿಂದ ಏಪ್ರಿಲಿನವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತ.

ಸಮುದ್ರದ ಪಾಲನ್ನು ಎಷ್ಟು ಇಡಬೇಕು? ಅಂದಾಜಿಗೆ ಬಿಡದೆ ಇದಕ್ಕೂ ಲೆಕ್ಕ ಹಾಕಬಹುದು. ಒಂದು ಹೆಚ್ಚಿನ ಹಗಲುರಾತ್ರಿಯ ವಸತಿ 5,000, ಊಟ 2,800, ವಾಹನ 2,000, ಒಟ್ಟು 9,800. ವಿಮಾನದ ದಿನಾಂಕವನ್ನು ಬದಲಾಯಿಸಬೇಕಾಗಿ ಬಂದರೆ ತಲೆಗೆ 5,000ದಂತೆ 20,000. ಹತ್ತಿರ ಹತ್ತಿರ 30,000 ರೂಪಾಯಿ. ಇದನ್ನು ಸೇರಿಸಿದರೆ ನಮ್ಮ ಸಂಸಾರದ ನಿಜವಾದ ಆಯವ್ಯಯ 2,06,000. ಐವತ್ತು ಸಾವಿರ ಉಳಿಯುತ್ತದೆಂದು ಹಿಗ್ಗಿದವರಿಗೆ 56,000 ಕೊರತೆ ಕಾಣಿಸಿತು.

ಈ ಕೊರತೆಗೆ ಸಾಲವೊಂದೇ ದಾರಿ ಎಂದು ಈಗಿನ ಕಾಲದಲ್ಲಿ ಬಹು ಸುಲಭವಾಗಿ ಹೇಳುತ್ತಾರೆ. ಸಾಲ ಕೊಡತಕ್ಕವರು ಮನೆಬಾಗಿಲಿಗೇ ಬರುತ್ತಾರೆ. ವರ್ಷಕ್ಕೆ ನೂರಕ್ಕೆ 14ರ ಬಡ್ಡಿಯಂತೆ 56,000 ರೂಪಾಯಿಯನ್ನು ಎರಡು ವರ್ಷಗಳ ಕಂತಿಗೆ ಪಡೆದರೆ, ತಿಂಗಳಿಗೆ ಸುಮಾರು 2,690ರಂತೆ ಕಟ್ಟಿ, ಒಟ್ಟು ಬಡ್ಡಿಯೇ ಸುಮಾರು 8,500 ಆಗುತ್ತದೆ. ಮಗಳೂ ತಂದೆಯೂ ಸಮುದ್ರಕ್ಕೆ ಇಳಿದು ಹವಳವನ್ನು ನೋಡಿದ ಖರ್ಚಿಗಿಂತ ಅದು ಹೆಚ್ಚು. ಏಳು ದಿನದ ಸಂತೋಷವನ್ನು ಇಪ್ಪತ್ತನಾಲ್ಕು ತಿಂಗಳು ಹೊರುವುದು ಯಾರಿಗೆ ಹಿತ?

ಸಾಲವನ್ನು ಬಿಟ್ಟು ಬೇರೆ ದಾರಿಯುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಯಾವ ಕಾಲನ್ನು ಮಡಿಸಬೇಕು ಎಂಬುದೇ ಪ್ರಶ್ನೆ. ದಿನಗಳನ್ನು ಕಡಮೆ ಮಾಡಿದರೆ ಹೆಚ್ಚು ಉಳಿಯದೆಂದು ಈಗಾಗಲೇ ನೋಡಿದೆವು. ಕಡಮೆ ಮಾಡಬೇಕಾದದ್ದು ಓಡಾಟವನ್ನು.

ಮೊದಲನೆಯದಾಗಿ, ಒಂದು ದ್ವೀಪವನ್ನು ಬಿಡಿ. ಶಹೀದ್ ದ್ವೀಪವನ್ನು ಈ ಸಾರಿಗೆ ಕೈಬಿಟ್ಟು ಸ್ವರಾಜ್ ದ್ವೀಪದಲ್ಲಿಯೇ ಮೂರು ರಾತ್ರಿ ಇದ್ದರೆ ಮೂರು ದಾಟುಗಳು ಎರಡಾಗುತ್ತವೆ, 6,000 ಉಳಿಯುತ್ತದೆ. ಹಣಕ್ಕಿಂತ ದೊಡ್ಡ ಲಾಭವೆಂದರೆ ಹೊತ್ತು. ದೋಣಿಯ ದಿನ ಎಂದರೆ ಗಂಟುಮೂಟೆ ಕಟ್ಟುವುದು, ಒಂದು ಗಂಟೆ ಮೊದಲೇ ಕಟ್ಟೆಯಲ್ಲಿ ನಿಲ್ಲುವುದು, ಇಳಿದು ಮತ್ತೆ ಕೋಣೆ ಹುಡುಕುವುದು. ಅರ್ಧ ದಿನ ಹೋಯಿತೆಂದೇ ಲೆಕ್ಕ. ಅಲ್ಲಿ ಹೊತ್ತು ಬೇಗ ಮುಳುಗುತ್ತದೆ. ನಮ್ಮ ಗಡಿಯಾರವೇ ಅಲ್ಲಿಗೂ. ಆದರೆ ಆ ದ್ವೀಪಗಳು ಪೂರ್ವಕ್ಕೆ ಬಹಳ ದೂರ ಇರುವುದರಿಂದ ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಸೂರ್ಯಾಸ್ತ. ಮಧ್ಯಾಹ್ನ ಎರಡಕ್ಕೆ ದ್ವೀಪಕ್ಕೆ ಇಳಿದವನಿಗೆ ಆ ದಿನ ಉಳಿಯುವುದು ಮೂರು ಗಂಟೆ ಮಾತ್ರ. ಆ ದಿನದ ಕೋಣೆಯ ಬಾಡಿಗೆ ಮಾತ್ರ ಪೂರ್ತಿ.

ಎರಡನೆಯದಾಗಿ, ಎರಡು ಕೋಣೆಗಳ ಬದಲು ನಾಲ್ವರು ಮಲಗಬಹುದಾದ ಒಂದು ದೊಡ್ಡ ಕೋಣೆಯನ್ನು 3,500ಕ್ಕೆ ಹಿಡಿದರೆ ಆರು ರಾತ್ರಿಗಳಲ್ಲಿ 9,000 ಉಳಿಯುತ್ತದೆ. ಮೂರನೆಯದಾಗಿ, ಪ್ರತಿದಿನವೂ ಟ್ಯಾಕ್ಸಿಯನ್ನು ಇಡೀ ದಿನಕ್ಕೆ ಹಿಡಿಯಬೇಕಾಗಿಲ್ಲ. ಶ್ರೀ ವಿಜಯ ಪುರದಲ್ಲಿ ಬಸ್ಸುಗಳೂ ಆಟೋಗಳೂ ಉಂಟು. ಸೆಲ್ಯುಲರ್ ಸೆರೆಮನೆ ಇರುವುದು ನಗರದೊಳಗೇ. ಇದರಲ್ಲಿ 5,000 ಉಳಿಸಬಹುದು. ನಾಲ್ಕನೆಯದಾಗಿ, ಕ್ರಿಸ್‌ಮಸ್ ಹೊಸವರ್ಷದ ವಾರವನ್ನು ಬಿಟ್ಟು ದಿನ ಗೊತ್ತುಮಾಡಿಕೊಂಡು, ಎರಡು ಮೂರು ತಿಂಗಳು ಮೊದಲೇ ಟಿಕೀಟು ತೆಗೆದರೆ ವಿಮಾನದಲ್ಲಿ ತಲೆಗೆ 3,000ದಂತೆ 12,000 ಇಳಿಯಿತೆಂದು ಇಟ್ಟುಕೊಳ್ಳೋಣ.

ಒಟ್ಟು 32,000 ಉಳಿತಾಯ. ಯಾತ್ರೆಯ ಖರ್ಚು 1,44,000, ಸಮುದ್ರದ ಪಾಲು 30,000, ಒಟ್ಟು 1,74,000. ಏಳು ದಿನವೂ ಉಳಿದವು, ಸ್ಕೂಬಾ ಸಹ ಉಳಿಯಿತು.

ಪರೀಕ್ಷೆ ಬರುವುದು ಇಲ್ಲಿಯೇ. ಕೈಯಲ್ಲಿ 1,50,000 ಇದೆ, ಖರ್ಚು 1,44,000 ಎಂದ ಮೇಲೆ ಇನ್ನೇಕೆ ಕಾಯಬೇಕು, ಸಮುದ್ರ ಕೆಡುವುದೆಂದು ಯಾರು ಹೇಳಿದರು, ಹೊರಟೇಬಿಡೋಣ ಎಂದು ಮನಸ್ಸು ಹೇಳುತ್ತದೆ. ನಮ್ಮ ಬೀದಿಯ ಒಂದು ಸಂಸಾರ ಹೀಗೆಯೇ ಹೊರಟಿತು. ಗಾಳಿಮಳೆಯೇನೂ ಬರಲಿಲ್ಲ. ಅಜ್ಜಿಗೆ ದೋಣಿಯಲ್ಲಿ ವಾಂತಿಯಾಗಿ ನಿತ್ರಾಣವಾಯಿತು. ವೈದ್ಯರು ಎರಡು ದಿನ ಪ್ರಯಾಣ ಬೇಡವೆಂದರು. ಎರಡೇ ದಿನ. ಔಷಧ, ಕೋಣೆ, ನಾಲ್ಕು ಟಿಕೀಟುಗಳ ಬದಲಾವಣೆ, ಇಷ್ಟಕ್ಕೆ ಹಣ ಎಲ್ಲಿಂದ ಬರಬೇಕು? ಮಗಳ ಕಾಲೇಜಿನ ಫೀಜಿಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಹಣದಿಂದ ಬಂತು. ಜೂನಿನಲ್ಲಿ ಆ ಮನೆಯ ಗೃಹಿಣಿಯ ಕೈಬಳೆಗಳು ಗಿರವಿಗೆ ಹೋದವು. ಅಜ್ಜಿ ಇಂದಿಗೂ ‘ನನ್ನಿಂದ ಹೀಗಾಯಿತು’ ಎಂದು ಕೊರಗುತ್ತಾರೆ. ಅಜ್ಜಿಯಿಂದ ಆದದ್ದಲ್ಲ, ಬರೆಯದೆ ಬಿಟ್ಟ ಒಂದು ಸಾಲಿನಿಂದ ಆದದ್ದು. ಆ ಸಾಲನ್ನು ಮೊದಲೇ ಬರೆದಿದ್ದರೆ ಆ ಎರಡು ದಿನಗಳೂ ಯಾತ್ರೆಯ ಭಾಗವಾಗಿಯೇ ಕಳೆಯುತ್ತಿದ್ದವು. ಮುದುಕಿಯ ಮನಸ್ಸಿನ ಮೇಲೆ ಭಾರ ಬೀಳುತ್ತಿರಲಿಲ್ಲ.

ಆದಕಾರಣ ಕಾಯಬೇಕು. ಬೇಕಾದದ್ದು ಇನ್ನು 24,000 ಮಾತ್ರ. ತಿಂಗಳಿಗೆ 3,000ದಂತೆ ಕೂಡಿಟ್ಟರೆ ಎಂಟು ತಿಂಗಳು. ಆಗಸ್ಟಿನಲ್ಲಿ ಲೆಕ್ಕ ಹಾಕಿದ ಸಂಸಾರ ಮಕ್ಕಳ ಪರೀಕ್ಷೆಗಳು ಮುಗಿದ ಏಪ್ರಿಲಿನಲ್ಲಿ, ಸಮುದ್ರ ಶಾಂತವಾಗಿರುವ ಕಾಲದಲ್ಲಿ, ಯಾರ ಋಣವೂ ಇಲ್ಲದೆ ಹೊರಡಬಹುದು. ಸಮುದ್ರದ ಪಾಲನ್ನು ಪ್ರತ್ಯೇಕವಾದ ಖಾತೆಯಲ್ಲಿ ಇಡಿ. ಮಾರುಕಟ್ಟೆಯಲ್ಲಿ ಮುತ್ತಿನ ಸರವನ್ನು ಕಂಡಾಗ ಅದರ ನೆನಪು ಬರಬಾರದು. ಅದು ಖರ್ಚಾಗದೆ ಉಳಿದರೆ ಮನೆಗೆ ಮರಳಿ ಬಂದು ಜೂನಿನ ಫೀಜಾಗುತ್ತದೆ.

ಇನ್ನು ಕೆಲವು ಬಿಡಿಮಾತುಗಳು. ಇವೂ ಹಣಕ್ಕೆ ಸಂಬಂಧಿಸಿದವೇ.

ಕೊನೆಯ ರಾತ್ರಿಯನ್ನು ಯಾವಾಗಲೂ ಶ್ರೀ ವಿಜಯ ಪುರದಲ್ಲಿಯೇ ಕಳೆಯತಕ್ಕದ್ದು. ಬೆಳಗ್ಗೆ ಸ್ವರಾಜ್ ದ್ವೀಪದಿಂದ ದೋಣಿ ಹತ್ತಿ, ಮಧ್ಯಾಹ್ನ ವಿಮಾನ ಹಿಡಿಯುತ್ತೇವೆಂಬ ಕಾರ್ಯಕ್ರಮ ಕಾಗದದ ಮೇಲೆ ಚೆಂದ. ದೋಣಿ ಎರಡು ಗಂಟೆ ತಡವಾದರೆ ನಾಲ್ಕು ಟಿಕೀಟುಗಳು ನೀರುಪಾಲು. ಸ್ಕೂಬಾ ಮಾಡಿದವರು ಸಾಮಾನ್ಯವಾಗಿ ಒಂದು ಇಡೀ ದಿನ ವಿಮಾನ ಹತ್ತಬಾರದು. ನೀರಿನಾಳದ ಒತ್ತಡದಲ್ಲಿ ರಕ್ತದೊಳಗೆ ಕರಗಿದ ವಾಯು ಮೇಲೆ ಹೋದಾಗ ಗುಳ್ಳೆಗಟ್ಟಿ ಅಪಾಯವಾಗಬಹುದು. ಆದ್ದರಿಂದ ಅದನ್ನು ಯಾತ್ರೆಯ ಮೊದಲ ಭಾಗದಲ್ಲಿಯೇ ಮುಗಿಸುವುದು ಲೇಸು.

ಸರ್ಕಾರದ ದೋಣಿಗಳ ದರ ಖಾಸಗಿ ದೋಣಿಗಳಿಗಿಂತ ಬಹಳ ಕಡಮೆ. ಆದರೆ ಅವು ಮುಖ್ಯವಾಗಿ ದ್ವೀಪವಾಸಿಗಳ ನಿತ್ಯದ ಓಡಾಟಕ್ಕಾಗಿ ಇರುವಂಥವು. ಅಲ್ಲಿ ಟಿಕೀಟು ಸಿಕ್ಕಿದರೆ ಸಂತೋಷ. ಸಿಕ್ಕೇ ಸಿಗುತ್ತದೆಂದು ಲೆಕ್ಕದಲ್ಲಿ ಬರೆಯಬಾರದು. ಆಯವ್ಯಯದಲ್ಲಿ ಹೆಚ್ಚಿನ ದರವನ್ನೇ ಹಿಡಿಯಿರಿ.

ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆಗಳಿಗೆ ಹೋಗುವವರು ನಸುಕಿಗಿಂತ ಮೊದಲೇ ಹೊರಟು, ಜಾರವಾ ಜನರ ಕಾಡಿನ ನಡುವೆ ಗೊತ್ತಾದ ವೇಳೆಯಲ್ಲಿ ಸಾಲಾಗಿ ಬಿಡುವ ವಾಹನಗಳ ಜೊತೆ ಹೋಗಬೇಕು. ದಾರಿಯಲ್ಲಿ ನಿಲ್ಲುವುದೂ ಆ ಜನರ ಚಿತ್ರ ತೆಗೆಯುವುದೂ ಕಾನೂನಿಗೆ ವಿರುದ್ಧ. ಇದು ಒಂದು ಇಡೀ ದಿನದ ಕೆಲಸ. ಆ ದಿನದ ಟ್ಯಾಕ್ಸಿಯ ಖರ್ಚು ಬೇರೆ ದಿನಗಳಿಗಿಂತ ಹೆಚ್ಚು. ನಮ್ಮ ಮೇಲಿನ ಲೆಕ್ಕದಲ್ಲಿ ಇದು ಸೇರಿಲ್ಲ. ಅಜ್ಜಿ ಇರುವ ಸಂಸಾರ ಇದನ್ನು ಬಿಡಬಹುದು.

2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದಡಿಯ ತಂತಿ ಉದ್ಘಾಟನೆಯಾದಮೇಲೆ ಅಲ್ಲಿ ಮೊಬೈಲಿನಿಂದ ಹಣ ಕೊಡುವುದು ಮೊದಲಿಗಿಂತ ಸುಲಭವಾಗಿದೆ. ಆದರೂ ಚಿಕ್ಕ ದ್ವೀಪಗಳಲ್ಲಿ ಎರಡು ದಿನಕ್ಕೆ ಆಗುವಷ್ಟು ನಗದು ಕೈಯಲ್ಲಿರಲಿ. ನಿತ್ಯ ನುಂಗುವ ಮಾತ್ರೆಗಳನ್ನು ಯಾತ್ರೆಯ ದಿನಗಳಿಗಿಂತ ಒಂದು ವಾರ ಹೆಚ್ಚಾಗಿ ಒಯ್ಯಿರಿ. ದಂಡೆಯಲ್ಲಿ ಬಿದ್ದ ಹವಳವನ್ನು ನೆನಪಿಗೆಂದು ಗಂಟು ಕಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ, ವಿಮಾನನಿಲ್ದಾಣದಲ್ಲಿ ಸಿಕ್ಕಿಬೀಳುವುದೂ ಉಂಟು.

ಊಟದ ವಿಷಯ. ಮೀನು ಅಲ್ಲಿಯದೇ, ತೆಂಗು ಅಲ್ಲಿಯದೇ. ಆದರೆ ನಾವು ಕೇಳುವ ಅನೇಕ ವಸ್ತುಗಳು ಹಡಗಿನಲ್ಲಿ ಬರಬೇಕು. ಸಸ್ಯಾಹಾರಿಗಳ ಊಟ ನಮ್ಮೂರಿನ ದರದಲ್ಲಿ ಸಿಗುವುದೆಂದು ಎಣಿಸಬಾರದು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಇವು ನಮ್ಮ ತಾಯಂದಿರ ಕಾಲದಿಂದ ಯಾತ್ರೆಯ ಸಂಗಾತಿಗಳು. ವಿಮಾನದಲ್ಲಿ ಸಾಮಾನಿನ ತೂಕಕ್ಕೆ ಮಿತಿಯಿದೆ. ಸಾಮಾನ್ಯವಾಗಿ ತಲೆಗೆ 15 ಕಿಲೋ. ಮಿತಿ ಮೀರಿದರೆ ಅವಲಕ್ಕಿಯ ಬೆಲೆಗಿಂತ ಅದನ್ನು ಹೊತ್ತ ಬೆಲೆಯೇ ಹೆಚ್ಚಾದೀತು.

ಇಷ್ಟೆಲ್ಲ ಕೇಳಿ ‘ನಮಗೆ ಇದು ಎಟುಕದು’ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ಅವರಿಗೂ ಒಂದು ಮಾತುಂಟು. ದ್ವೀಪವನ್ನು ನೋಡಲು ಅಂಡಮಾನಿಗೇ ಹೋಗಬೇಕೆಂದಿಲ್ಲ. ಉಡುಪಿಯ ಬಳಿ ಮಲ್ಪೆಯ ಎದುರಿಗೆ ಸೇಂಟ್ ಮೇರಿಸ್ ದ್ವೀಪಗಳಿವೆ. ಪ್ರಾಚೀನ ಕಾಲದಲ್ಲಿ ಲಾವಾರಸ ತಣ್ಣಗಾಗುವಾಗ ಸೀಳಿ ಮೂಡಿದ ಆರು ಮೂಲೆಯ ಕಲ್ಲಿನ ಕಂಬಗಳು ಅಲ್ಲಿ ಜೋಡಿಸಿಟ್ಟಂತೆ ನಿಂತಿವೆ. ಮಳೆಗಾಲವನ್ನು ಬಿಟ್ಟು ಉಳಿದ ತಿಂಗಳುಗಳಲ್ಲಿ ದೋಣಿಯಲ್ಲಿ ಹೋಗಿ ಅರ್ಧ ದಿನದಲ್ಲಿ ನೋಡಿ ಬರಬಹುದು. ಅಂಡಮಾನಿಗೆ ಹೊರಡುವವರಿಗೂ ಇದು ಒಳ್ಳೆಯ ಅಭ್ಯಾಸ. ಮನೆಯ ಹಿರಿಯರಿಗೆ ಅಲೆಯ ಏರಿಳಿತ ಒಗ್ಗುತ್ತದೆಯೋ ಇಲ್ಲವೋ ಎಂಬುದು ಅಲ್ಪ ವೆಚ್ಚದಲ್ಲಿ ಅಲ್ಲಿಯೇ ಗೊತ್ತಾಗುತ್ತದೆ.

ಹಾಳೆಯ ಕೊನೆಯಲ್ಲಿ ಒಂದು ವಾಕ್ಯವನ್ನು ಬರೆದುಕೊಳ್ಳಿ: ಹಣ ಸಾಲದಿದ್ದರೆ ದ್ವೀಪವನ್ನು ಬಿಡು, ವೈಭವವನ್ನು ಬಿಡು, ಒಂದು ವರ್ಷವನ್ನಾದರೂ ಬಿಡು, ಸಮುದ್ರದ ಪಾಲನ್ನು ಬಿಡಬೇಡ. ಹಾಗೆ ಹೋದವರು ದಂಡೆಯಲ್ಲಿ ನಿಂತಾಗ ಅವರ ಮನಸ್ಸು ನೀರನ್ನು ನೋಡುತ್ತದೆ, ಲೆಕ್ಕವನ್ನಲ್ಲ. ಸ್ವರಾಜ್ ದ್ವೀಪದ ರಾಧಾನಗರ ಕಡಲತೀರದಲ್ಲಿ ಸಂಜೆ ಸೂರ್ಯನು ಮುಳುಗುವುದನ್ನು ನೋಡಲು ಯಾರೂ ಹಣ ಕೇಳುವುದಿಲ್ಲ. ಅದನ್ನು ನಿಶ್ಚಿಂತೆಯಿಂದ ನೋಡುವುದಕ್ಕೆ ಮಾತ್ರ ಮನೆಯಲ್ಲಿ ಕುಳಿತು, ಎಂಟು ತಿಂಗಳು ಮೊದಲೇ, ಒಂದು ಹಾಳೆಯ ಮೇಲೆ ಸ್ವಲ್ಪ ಶ್ರಮ ಪಡಬೇಕು. ತಮ್ಮ ಯಾತ್ರೆ ಸುಖವಾಗಲಿ.